ಇಪ್ಪತ್ತೈದು ಪದಗಳ ಕಾಗದ

ಗರ್ನ್ಸಿ ದ್ವೀಪದ ಸೇಂಟ್ ಪೀಟರ್ ಪೋರ್ಟ್ ಬಂದರಿನಲ್ಲಿ ಈಗ ಬೆಳಿಗ್ಗೆ ಹೋಗಿ ನಿಂತರೆ ಕಾರುಗಳನ್ನು ಹೊಟ್ಟೆಯೊಳಗೆ ತುಂಬಿಕೊಳ್ಳುವ ಫೆರ್ರಿ ಕಾಣುತ್ತದೆ, ಸಾಲಾಗಿ ಕಟ್ಟಿಹಾಕಿದ ಬಿಳಿ ದೋಣಿಗಳು ಕಾಣುತ್ತವೆ, ಬ್ಯಾಂಕು, ಟ್ರಸ್ಟ್ ಕಚೇರಿಗಳ ಕಡೆಗೆ ಬಿರಬಿರನೆ ನಡೆಯುವ ಜನ ಕಾಣುತ್ತಾರೆ. ಅಲ್ಲಿನವರು ವೈಟ್ ರಾಕ್ ಎಂದು ಕರೆಯುವ ಆ ಧಕ್ಕೆಯ ಮೇಲೆ 1940ರ ಜೂನ್‌ನಲ್ಲಿ ಎರಡು ಸಾಲುಗಳು ನಿಂತಿದ್ದವು. ಮೊದಲನೆಯದು ಮಕ್ಕಳ ಸಾಲು. ಎಂಟು ದಿನ ಕಳೆದ ಮೇಲೆ ನಿಂತದ್ದು ಟೊಮೆಟೊ ಲಾರಿಗಳ ಸಾಲು.

ಮಕ್ಕಳ ಸಾಲಿನಲ್ಲಿ ನಿಂತಿದ್ದ ಎಂಟು ವರ್ಷದ ಹುಡುಗಿಯೊಬ್ಬರನ್ನು ಅವರ ಕೊನೆಯ ಆರು ವರ್ಷ ನೋಡಿಕೊಂಡವಳು ನಾನು. ಕಾಪು ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, 2011ರಲ್ಲಿ ಗರ್ನ್ಸಿಯ ಒಂದು ವೃದ್ಧಾಶ್ರಮಕ್ಕೆ ಕೆಲಸಕ್ಕೆ ಹೋದೆ. ಎದುರಿಗೆ ಅವರನ್ನು ಮಿಸೆಸ್ ಸೇರಿಸಿ ಮನೆತನದ ಹೆಸರಿನಿಂದ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಅವರು ನನಗೆ ಅಜ್ಜಿಯೇ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಗರ್ನ್ಸಿ ಎಲ್ಲಿದೆ ಎಂದು ನಮ್ಮೂರಿನಲ್ಲಿ ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡಿಗಿಂತ ಫ್ರಾನ್ಸಿಗೆ ಹತ್ತಿರವಿರುವ ಚಾನೆಲ್ ದ್ವೀಪಗಳಲ್ಲಿ ಅದು ಎರಡನೆಯ ದೊಡ್ಡದು. ದೊಡ್ಡದು ಎಂದರೂ ಇರುವುದು ಸುಮಾರು 65 ಚದರ ಕಿಲೋಮೀಟರ್ ಮಾತ್ರ. ಬ್ರಿಟಿಷ್ ರಾಜಮುಕುಟಕ್ಕೆ ಸೇರಿದ್ದು, ಆದರೆ ಆಡಳಿತ, ಕಾನೂನು ಎಲ್ಲ ತನ್ನದೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ದ್ವೀಪಸಮೂಹದಲ್ಲಿ ಹಿಟ್ಲರನ ಸೇನೆ ಬಂದು ಕೂತ ನೆಲವೆಂದರೆ ಈ ಚಾನೆಲ್ ದ್ವೀಪಗಳೊಂದೇ.

1940ರ ಜೂನ್ 14ರಂದು ಪ್ಯಾರಿಸ್ ಬಿತ್ತು. ಈ ದ್ವೀಪಗಳನ್ನು ಉಳಿಸಿಕೊಳ್ಳಲು ಸೈನ್ಯ ಸುರಿಯುವುದು ವ್ಯರ್ಥವೆಂದು ಲಂಡನ್ ತೀರ್ಮಾನಿಸಿ, ಇದ್ದ ಪಡೆಯನ್ನೂ ವಾಪಸ್ ಕರೆಸಿಕೊಂಡಿತು. ಜೂನ್ 19, ಬುಧವಾರ, ಗರ್ನ್ಸಿಯ ಪತ್ರಿಕೆಯಲ್ಲಿ ಪ್ರಕಟಣೆ ಬಂತು: ಮಕ್ಕಳನ್ನು ಇಂಗ್ಲೆಂಡಿಗೆ ಸಾಗಿಸಲಾಗುವುದು, ಕಳಿಸುವವರು ಇವತ್ತು ಸಂಜೆಯೇ ಹೆಸರು ಬರೆಸಬೇಕು. ಹಡಗು ಮರುದಿನ ಬೆಳಿಗ್ಗೆ. ಕಡ್ಡಾಯವೇನೂ ಇರಲಿಲ್ಲ. ಕಳಿಸಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನು ಪ್ರತಿ ಮನೆಯೂ ಅಡುಗೆಮನೆಯ ಮೇಜಿನ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತೀರ್ಮಾನಿಸಬೇಕಾಯಿತು.

ಅಜ್ಜಿಯ ತಂದೆ ಟೊಮೆಟೊ ಬೆಳೆಗಾರ. ಆ ಕಾಲದ ಗರ್ನ್ಸಿ ಎಂದರೆ ಗಾಜಿನ ಮನೆಗಳ ಊರು. ಗಾಜಿನಡಿ ಬೆಳೆದ ಟೊಮೆಟೊ ಇಂಗ್ಲೆಂಡಿನ ಪೇಟೆಗೆ ಹಡಗಿನಲ್ಲಿ ಹೋಗುತ್ತಿತ್ತು. ಜೂನ್ ಎಂದರೆ ಕೊಯ್ಲಿನ ಭರಾಟೆ. ತಂದೆ ಬಿಟ್ಟು ಬರುವಂತಿರಲಿಲ್ಲ. ತಂದೆಯ ತಾಯಿ ಹಾಸಿಗೆ ಹಿಡಿದಿದ್ದರು, ಕದಲುವುದಿಲ್ಲವೆಂದು ಹಠ ಮಾಡಿದರು. ಅವರನ್ನು ಬಿಟ್ಟು ತಾಯಿ ಬರುವಂತಿರಲಿಲ್ಲ. ಮಕ್ಕಳಿಬ್ಬರೂ ಶಾಲೆಯ ಟೀಚರುಗಳ ಜೊತೆ ಮುಂದೆ ಹೋಗುವುದು, ಒಂದು ವಾರದಲ್ಲಿ ಏನಾದರೂ ವ್ಯವಸ್ಥೆ ಮಾಡಿ ತಾಯಿ ಹಿಂದಿನಿಂದ ಬರುವುದು ಎಂದು ಮಾತಾಯಿತು.

ಆ ಒಂದು ವಾರ ಐದು ವರ್ಷವಾಯಿತು.

ಬೆಳಗಿನ ಜಾವ ಶಾಲೆಯ ಗೇಟಿನ ಹತ್ತಿರ ತಾಯಿ ಹೇಳಿದ ಮಾತನ್ನು ಅಜ್ಜಿ ನನಗೆ ಎಷ್ಟೋ ಸಲ ಹೇಳಿದ್ದಾರೆ. ಮನೆಯಲ್ಲಿ ಅವರು ಆಡುತ್ತಿದ್ದದ್ದು ಇಂಗ್ಲಿಷ್ ಅಲ್ಲ. ನಾರ್ಮನ್ ಮೂಲದ ಗರ್ನೆಸಿಯೇ ಎಂಬ ಆ ದ್ವೀಪದ ಸ್ವಂತ ಭಾಷೆ. 'ಆ ಲಾ ಪರ್‌ಶೊಯ್ನ್' ಎಂದರಂತೆ ತಾಯಿ. ಮತ್ತೆ ಸಿಗುವವರೆಗೆ ಎಂದು ಅರ್ಥ. ನಮ್ಮಲ್ಲಿಯೂ ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತೇವೆ, ತುಳುವಿನಲ್ಲಿ 'ಪೋದು ಬರ್ಪೆ' ಎಂದು ನಾನು ಹೇಳಿಕೊಟ್ಟೆ. ಅವರು ಎರಡು ಸಲ ಹೇಳಿ ಕಲಿತುಕೊಂಡರು. ಆಮೇಲೆ ನನ್ನ ಪಾಳಿ ಮುಗಿದಾಗಲೆಲ್ಲ ಅದನ್ನೇ ಹೇಳಿ ಕಳಿಸುತ್ತಿದ್ದರು.

ಎದೆಗೆ ಹೆಸರಿನ ಚೀಟಿ, ಹೆಗಲಿಗೆ ವಿಷಾನಿಲದ ಮುಖವಾಡದ ಪೆಟ್ಟಿಗೆ, ಕೈಯಲ್ಲಿ ಒಂದು ಚೀಲ. ಇನ್ನೊಂದು ಕೈಯಲ್ಲಿ ಐದು ವರ್ಷದ ತಮ್ಮ. ಟಪಾಲು ಹಡಗು, ದನ ಸಾಗಿಸುವ ಹಡಗು, ಕಲ್ಲಿದ್ದಲಿನ ಹಡಗು, ಸಿಕ್ಕಿದ್ದರಲ್ಲಿ ಮಕ್ಕಳನ್ನು ಹತ್ತಿಸಿದರು. ಮುಂದಿನ ಕೆಲವು ದಿನಗಳಲ್ಲಿ ಗರ್ನ್ಸಿಯ ಸುಮಾರು 42,000 ಜನರಲ್ಲಿ 17,000 ಮಂದಿ ಹೊರಟುಹೋದರು. ಅವರಲ್ಲಿ ಸುಮಾರು 5,000 ಮಂದಿ ಶಾಲಾ ಮಕ್ಕಳು. ಪಕ್ಕದ ಪುಟ್ಟ ಆಲ್ಡರ್ನಿ ದ್ವೀಪ ಜೂನ್ 23ರಂದು ಒಂದೇ ದಿನದಲ್ಲಿ ಬಹುತೇಕ ಖಾಲಿಯಾಯಿತು. ಸಾರ್ಕ್ ದ್ವೀಪದವರು ಮಾತ್ರ ಹೆಚ್ಚುಕಡಿಮೆ ಎಲ್ಲರೂ ಉಳಿದರು. ಗರ್ನ್ಸಿಯಲ್ಲಿ ಒಂದು ದಿನ ಹೊರಡಿ ಎಂದ ಕೂಗು, ಮರುದಿನವೇ ಹೆದರಬೇಡಿ, ಊರು ಬಿಡಬೇಡಿ ಎಂಬ ಗೋಡೆಬರಹ. ಚೀಲ ಕಟ್ಟಿಟ್ಟಿದ್ದ ಎಷ್ಟೋ ಜನ ಬಿಚ್ಚಿದರು. ಅಜ್ಜಿಯ ತಾಯಿಯೂ ಬಿಚ್ಚಿದರು.

ಜೂನ್ 28, ಶುಕ್ರವಾರ ಸಂಜೆ, ಧಕ್ಕೆಯ ಮೇಲೆ ಟೊಮೆಟೊ ಲಾರಿಗಳು ಹಡಗಿಗಾಗಿ ಸಾಲುಗಟ್ಟಿದ್ದವು. ದ್ವೀಪದಲ್ಲಿ ಸೇನೆ ಇಲ್ಲವೆಂಬುದನ್ನು ಬ್ರಿಟನ್ ಇನ್ನೂ ಬಹಿರಂಗವಾಗಿ ಸಾರಿರಲಿಲ್ಲ. ಜರ್ಮನ್ ವಿಮಾನಗಳು ಆ ಸಾಲನ್ನು ಸೇನೆಯ ಲಾರಿಗಳೆಂದೇ ಎಣಿಸಿ ಬಾಂಬು ಹಾಕಿದವು. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅವತ್ತು ಇಳಿತವಿದ್ದುದರಿಂದ ಧಕ್ಕೆಯ ಕೆಳಗೆ, ಕಂಬಗಳ ಸಂದಿಯಲ್ಲಿ ನುಗ್ಗಿದವರು ಬದುಕಿಕೊಂಡರು. ಲಾರಿಯ ಅಡಿಗೆ ತೂರಿದ ಕೆಲವರು ಅಲ್ಲೇ ಮುಗಿದರು. ಅಜ್ಜಿಯ ತಂದೆ ಧಕ್ಕೆಯ ಕೆಳಗೆ ಇಳಿದಿದ್ದರು. ಮಗಳಿಗೆ ಈ ವಿಷಯ ತಿಳಿದದ್ದು ಐದು ವರ್ಷದ ಮೇಲೆ, ಅದೂ ಪಕ್ಕದ ಮನೆಯವರ ಬಾಯಿಂದ. ಎರಡು ದಿನ ಬಿಟ್ಟು, ಜೂನ್ 30ರಂದು, ಜರ್ಮನ್ನರು ವಿಮಾನ ನಿಲ್ದಾಣದಲ್ಲಿ ಇಳಿದರು. ದ್ವೀಪದ ಗಡಿಯಾರಗಳನ್ನೆಲ್ಲ ಜರ್ಮನಿಯ ಸಮಯಕ್ಕೆ ತಿರುಗಿಸಲಾಯಿತು.

ಮಕ್ಕಳು ಅಷ್ಟರಲ್ಲಿ ವೇಮತ್ ಬಂದರಿನಲ್ಲಿ ಇಳಿದು, ಡಾಕ್ಟರ ತಪಾಸಣೆ ಮುಗಿಸಿ, ರೈಲಿನಲ್ಲಿ ಉತ್ತರಕ್ಕೆ ಹೋಗಿದ್ದರು. ಗರ್ನ್ಸಿಯಲ್ಲಿ ರೈಲಿಲ್ಲ. ಅಷ್ಟು ಉದ್ದದ ಬಂಡಿಯನ್ನು ಅಜ್ಜಿ ನೋಡಿದ್ದು ಅದೇ ಮೊದಲು. ಸ್ಟಾಕ್‌ಪೋರ್ಟ್, ಬೆರಿ, ಓಲ್ಡಮ್, ವಿಗನ್, ದೂರದ ಗ್ಲಾಸ್ಗೋವರೆಗೆ ಈ ಮಕ್ಕಳು ಹಂಚಿಹೋದರು. ಅಜ್ಜಿ, ತಮ್ಮ ಇಬ್ಬರೂ ಇಳಿದದ್ದು ಸ್ಟಾಕ್‌ಪೋರ್ಟಿನಲ್ಲಿ. ಟೋಪಿ ಕಾರ್ಖಾನೆ, ಹತ್ತಿ ಗಿರಣಿಗಳ ಊರು, ಊರಿನ ನೆತ್ತಿಯ ಮೇಲೆ ಹಾದುಹೋಗುವ ಇಟ್ಟಿಗೆಯ ರೈಲು ಸೇತುವೆ. 'ಮಳೆ ಕಪ್ಪಾಗಿ ಬೀಳುತ್ತಿತ್ತು' ಎಂದು ಅಜ್ಜಿ ಹೇಳುತ್ತಿದ್ದರು. ಹೊಗೆಯ ಮಸಿ ಬೆರೆತ ಮಳೆ. ಅವರು ಅದುವರೆಗೆ ಸಮುದ್ರ ಕಾಣದ ಬೆಳಗನ್ನೇ ಕಂಡಿರಲಿಲ್ಲ.

ಮೊದಲ ಎರಡು ವಾರ ಒಂದು ಚರ್ಚಿನ ಸಭಾಂಗಣದಲ್ಲಿ ನೆಲದ ಮೇಲೆ ಹಾಸಿಗೆ. ಆಮೇಲೆ ಊರಿನವರು ಬಂದು ಮಕ್ಕಳನ್ನು ಆರಿಸಿ ಕರೆದುಕೊಂಡು ಹೋದರು. ಇವರನ್ನು ಒಂದು ಮನೆಗೆ, ತಮ್ಮನನ್ನು ಒಂದು ಮೈಲಿ ಆಚೆಯ ಇನ್ನೊಂದು ಮನೆಗೆ ಕಳಿಸಿದರು. ಇಬ್ಬರನ್ನೂ ಸಾಕುವಷ್ಟು ಜಾಗ ಯಾರಲ್ಲೂ ಇರಲಿಲ್ಲ. ಆ ಊರಿನವರ ಬಗ್ಗೆ ಅಜ್ಜಿ ಯಾವತ್ತೂ ಕೆಟ್ಟ ಮಾತಾಡಲಿಲ್ಲ. ತಮಗೇ ರೇಷನ್ ಸಾಲದ ಗಿರಣಿ ಕೆಲಸಗಾರರು ಅನ್ನ ಹಾಕಿದರು, ಬಟ್ಟೆ ಹೊಲಿಸಿದರು, ಗೊತ್ತಿಲ್ಲದ ಮಕ್ಕಳಿಗೆ ಬರ್ತ್‌ಡೇ ಮಾಡಿದರು. 'ಆದರೆ ರಾತ್ರಿ ಜ್ವರ ಬಂದರೆ ಯಾರನ್ನು ಎಬ್ಬಿಸಬೇಕು ಎಂದು ಗೊತ್ತಾಗುತ್ತಿರಲಿಲ್ಲ' ಎಂದರು ಒಮ್ಮೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಅವರ ಕೋಣೆಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಒಳಗೆ ಏಳು ಕಾಗದ. ರೆಡ್‌ಕ್ರಾಸ್ ಸಂದೇಶದ ಅಚ್ಚು ಫಾರಂಗಳು. ದ್ವೀಪ ಜರ್ಮನ್ನರ ಕೈಗೆ ಹೋದ ಮೇಲೆ ಅಂಚೆ ಪೂರಾ ನಿಂತಿತು. ಕೊನೆಗೆ ರೆಡ್‌ಕ್ರಾಸ್ ಮೂಲಕ, ಜಿನೀವಾ ಸುತ್ತಿ, ಚಿಕ್ಕ ಸಂದೇಶ ಕಳಿಸಲು ಅವಕಾಶವಾಯಿತು. ಒಂದು ಫಾರಂಗೆ 25 ಪದ, ಮೀರುವಂತಿಲ್ಲ. ಯುದ್ಧದ ವಿಷಯ ಬರೆಯುವಂತಿಲ್ಲ. ಎರಡೂ ಕಡೆ ತಪಾಸಣೆ. ತಲುಪಲು ತಿಂಗಳುಗಳು. ತಲುಪಿದವರು ಅದೇ ಹಾಳೆಯ ಬೆನ್ನಿಗೆ 25 ಪದಗಳ ಉತ್ತರ ಬರೆದರೆ ಹಾಳೆ ಮತ್ತೆ ಬಂದ ದಾರಿಯಲ್ಲೇ ತಿರುಗುತ್ತಿತ್ತು.

ಈ ಏರ್ಪಾಟನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಮಗಳು ಬರೆದದ್ದು ತಾಯಿಯ ಉತ್ತರ ಹೊತ್ತು ಮಗಳಿಗೇ ವಾಪಸ್. ತಾಯಿ ಬರೆದದ್ದು ಮಗಳ ಉತ್ತರ ಹೊತ್ತು ತಾಯಿಗೇ ವಾಪಸ್. ಹಾಗಾಗಿ ಏಳರಲ್ಲಿ ನಾಲ್ಕು ಮಾತ್ರ ಅಜ್ಜಿಯ ಬಳಿ ಮೊದಲಿನಿಂದ ಇದ್ದವು. ಉಳಿದ ಮೂರು ತಾಯಿ ತೀರಿಕೊಂಡ ಮೇಲೆ, ಅವರ ಬೀರುವಿನಲ್ಲಿ, ಇನ್ನೊಂದು ಡಬ್ಬಿಯಲ್ಲಿ ಸಿಕ್ಕವು. ಬೆನ್ನಿಗೆ ತಮ್ಮದೇ ಹತ್ತು ವರ್ಷದ ಅಕ್ಷರ.

ಒಂದು ದಿನ ಅವರು ಏಳನ್ನೂ ಮಂಚದ ಮೇಲೆ ಹರಡಿಸಿ ನನ್ನಿಂದ ಓದಿಸಿದರು. ಮಗಳ ಬರಹ: ನಾನು ಚೆನ್ನಾಗಿದ್ದೇನೆ, ತಮ್ಮ ಚೆನ್ನಾಗಿದ್ದಾನೆ, ಶಾಲೆ ಚೆನ್ನಾಗಿದೆ, ಎಲ್ಲರೂ ತುಂಬಾ ಒಳ್ಳೆಯವರು. ತಾಯಿಯ ಬರಹ: ನಾವು ಕ್ಷೇಮ, ಊಟ ಸರಿಯಾಗಿದೆ, ಯೋಚನೆ ಬೇಡ, ತಮ್ಮನನ್ನು ನೋಡಿಕೋ. ಒಂದರಲ್ಲಿ ತಾಯಿ ಬರೆದಿದ್ದರು: ಅಜ್ಜಿ ಈಗ ಅಜ್ಜನ ಜೊತೆಗಿದ್ದಾರೆ. ಅಜ್ಜ ಸತ್ತು ಆರು ವರ್ಷವಾಗಿತ್ತು. ಓದಿ ಹೇಳಿದಾಗ ತಮ್ಮ, 'ಅಜ್ಜನ ಮನೆ ಎಲ್ಲಿ?' ಎಂದು ಕೇಳಿದನಂತೆ.

'ಇದರಲ್ಲಿ ನಿಜ ಇರುವುದು ಇದೊಂದೇ ಸಾಲು' ಎಂದರು ಅಜ್ಜಿ, ಆ ಸಾಲಿನ ಮೇಲೆ ಬೆರಳಿಟ್ಟು. ಶಾಲೆ ಚೆನ್ನಾಗಿದೆ ಎಂದು ಬರೆದ ತಿಂಗಳು ಅವರು ಮಾತಾಡುವುದನ್ನೇ ಬಿಟ್ಟಿದ್ದರು. ಅಮ್ಮನಿಗೆ ಬೇಜಾರಾಗುವಂಥದ್ದು ಬರೆಯಬೇಡ ಎಂದು ಮನೆಯವರು ಹೇಳಿಕೊಟ್ಟಿದ್ದರು. ಊಟ ಸರಿಯಾಗಿದೆ ಎಂದು ತಾಯಿ ಬರೆದಾಗ ದ್ವೀಪದಲ್ಲಿ ಮುಳ್ಳುಪೊದೆಯ ಎಲೆ ಒಣಗಿಸಿ ಚಹಾ ಕಾಯಿಸುತ್ತಿದ್ದರು, ಪಾರ್ಸ್ನಿಪ್ ಗೆಡ್ಡೆ ಹುರಿದು ಪುಡಿಮಾಡಿ ಕಾಫಿ ಎನ್ನುತ್ತಿದ್ದರು, ಉಪ್ಪಿಗೆ ಸಮುದ್ರದ ನೀರು ತರುತ್ತಿದ್ದರು. 1942ರ ಬೇಸಿಗೆಯಲ್ಲಿ ರೇಡಿಯೊಗಳನ್ನು ಕಿತ್ತುಕೊಂಡಿದ್ದರು. ಆ ವರ್ಷದ ಸೆಪ್ಟೆಂಬರಿನಿಂದ, ದ್ವೀಪದಲ್ಲಿ ಹುಟ್ಟದ ಬ್ರಿಟಿಷರನ್ನು ಮಕ್ಕಳುಮರಿ ಸಮೇತ ದಕ್ಷಿಣ ಜರ್ಮನಿಯ ಶಿಬಿರಗಳಿಗೆ ಸಾಗಿಸಿದರು. ಅದಕ್ಕೂ ಮೊದಲು, ಏಪ್ರಿಲ್‌ನಲ್ಲಿ, ಗರ್ನ್ಸಿಯಿಂದ ಮೂವರು ಯಹೂದಿ ಹೆಂಗಸರನ್ನು ಕರೆದೊಯ್ದಿದ್ದರು. ಮೂವರೂ ಆಶ್‌ವಿಟ್ಸ್‌ನಲ್ಲಿ ಸತ್ತರು.

1944ರ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದ ಮೇಲೆ ಅಜ್ಜಿಗೆ ಒಂದು ಕಾಗದವೂ ಬರಲಿಲ್ಲ. ಫ್ರಾನ್ಸಿನಿಂದ ಬರುತ್ತಿದ್ದ ಸಾಮಾನು ನಿಂತು ದ್ವೀಪ ಹಸಿವೆಯಲ್ಲಿ ಕೂತಿತು. ಡಿಸೆಂಬರ್ 27ರಂದು ವೇಗಾ ಎಂಬ ರೆಡ್‌ಕ್ರಾಸ್ ಹಡಗು ಆಹಾರದ ಪೊಟ್ಟಣಗಳನ್ನು ಹೊತ್ತು ಬಂದಿರದಿದ್ದರೆ ಆ ಚಳಿಗಾಲವನ್ನು ತಂದೆ ದಾಟುತ್ತಿರಲಿಲ್ಲವೆಂದು ತಾಯಿ ಯಾರಿಗೋ ಹೇಳುವಾಗ ಅಜ್ಜಿ ಕೇಳಿಸಿಕೊಂಡಿದ್ದರು.

1945ರ ಮೇ 9ರಂದು ಗರ್ನ್ಸಿ ಬಿಡುಗಡೆಯಾಯಿತು. ಈಗಲೂ ಅದು ಅಲ್ಲಿ ಸಾರ್ವತ್ರಿಕ ರಜೆ. ಮೆರವಣಿಗೆ, ಬ್ಯಾಂಡು, ಹಳೆಯ ಕಾಲದ ಜೀಪುಗಳು, ಬೀದಿಯುದ್ದಕ್ಕೂ ಬಾವುಟ. ಆ ದಿನ ನಾವು ಆಶ್ರಮದವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಂದರಿನ ಬೀದಿಗೆ ಕರೆದೊಯ್ಯುತ್ತಿದ್ದೆವು. ಅಜ್ಜಿ ಬರುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಆದರೆ, 'ನನಗೆ ಆ ದಿನ ಗೊತ್ತಿಲ್ಲ. ನಾನು ಇಲ್ಲಿರಲಿಲ್ಲ' ಎನ್ನುತ್ತಿದ್ದರು. ಅವರ ದಿನ ಬಂದದ್ದು ಆಗಸ್ಟ್‌ನಲ್ಲಿ, ಪರವಾನಗಿ ಸಿಕ್ಕಿ ಹಡಗು ಹತ್ತಿದಾಗ. ಅದಕ್ಕೆ ಬ್ಯಾಂಡು ಇರಲಿಲ್ಲ.

ಧಕ್ಕೆಯ ಮೇಲೆ ಗಂಡಸರು ಹೆಂಗಸರು ಗುಂಪಾಗಿ ನಿಂತಿದ್ದರು. ಎಲ್ಲರ ಬಟ್ಟೆಯೂ ಮೈಗಿಂತ ಎರಡು ಅಳತೆ ದೊಡ್ಡದಾಗಿ ಜೋಲುತ್ತಿತ್ತು. ತಾಯಿಯ ಮುಖ ಗುರುತು ಹತ್ತಲಿಲ್ಲ, ಕೋಟು ಗುರುತು ಹತ್ತಿತು. ಐದು ವರ್ಷದ ಹಿಂದಿನ ಅದೇ ಕೋಟು. ಹತ್ತು ವರ್ಷದ ತಮ್ಮ ಅಕ್ಕನ ತೋಳು ಜಗ್ಗಿ, ಗಿರಣಿ ಊರಿನ ಇಂಗ್ಲಿಷಿನಲ್ಲಿ, 'ಅವರಲ್ಲಿ ನಮ್ಮ ಅಮ್ಮ ಯಾರು?' ಎಂದು ಕೇಳಿದ. ತಾಯಿಗೆ ಕೇಳಿಸಿತು.

ಮನೆಗೆ ಬಂದ ಮೇಲೆ ತಂದೆತಾಯಿ ಗರ್ನೆಸಿಯೇಯಲ್ಲಿ ಮಾತಾಡಿಸಿದರು. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರು. ಅಜ್ಜಿಗೆ ಅರ್ಥವಾಗುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ತಮ್ಮನಿಗೆ ಅರ್ಥವೂ ಆಗುತ್ತಿರಲಿಲ್ಲ. ಒಂದು ವರ್ಷದೊಳಗೆ ತಂದೆತಾಯಿಯೂ ಮಕ್ಕಳೆದುರು ಇಂಗ್ಲಿಷಿಗೆ ತಿರುಗಿದರು. ಒಂದು ದ್ವೀಪದ ಸಾವಿರಾರು ಮನೆಗಳಲ್ಲಿ ಒಂದೇ ಕಾಲಕ್ಕೆ ಹೀಗಾದರೆ ಭಾಷೆಗೆ ಏನಾಗುತ್ತದೆ? 2001ರ ಜನಗಣತಿಯಲ್ಲಿ ಗರ್ನೆಸಿಯೇ ಸರಾಗವಾಗಿ ಬರುತ್ತದೆ ಎಂದವರು 1,327 ಜನ. ಹೆಚ್ಚಿನವರು ಮುದುಕರು. ಶಾಲೆ, ವ್ಯಾಪಾರ, ಪ್ರವಾಸೋದ್ಯಮ ಎಲ್ಲವೂ ಆ ಮೊದಲೇ ಇಂಗ್ಲಿಷನ್ನು ತಂದಿದ್ದವು, ನಿಜ. ಆದರೆ ಅಜ್ಜಿಯಿಂದ ಮೊಮ್ಮಗಳಿಗೆ ಹೋಗುವ ದಾರಿ ಒಂದೇಟಿಗೆ ಕಡಿದದ್ದು ಆ ಐದು ವರ್ಷಗಳಲ್ಲಿ.

ತಮ್ಮನಿಗೆ ಊರು ಹಿಡಿಸಲಿಲ್ಲ. ಹದಿನಾರಕ್ಕೆ ಸ್ಟಾಕ್‌ಪೋರ್ಟಿಗೆ ಹಿಂತಿರುಗಿ, ಕೆಲಸ ಹಿಡಿದು, ಅಲ್ಲೇ ಮದುವೆಯಾಗಿ, ಅಲ್ಲೇ ತೀರಿಕೊಂಡರು. ಸಾಕಿದ ತಾಯಿಯ ಮಗ್ಗುಲಲ್ಲಿ ಅವರ ಗೋರಿ ಇದೆ. ಹೆತ್ತ ತಾಯಿ ಇದಕ್ಕೆ ಯಾರನ್ನೂ ದೂರಲಿಲ್ಲವಂತೆ.

ಮಕ್ಕಳನ್ನು ಕಳಿಸಿದ್ದು ತಪ್ಪಾಯಿತೇ ಎಂದು ನಾನು ಕೇಳಿದ್ದೇನೆ. 'ತಪ್ಪಲ್ಲ' ಎಂದು ತಕ್ಷಣ ಹೇಳಿದರು. 'ಇಟ್ಟುಕೊಂಡವರದ್ದೂ ತಪ್ಪಲ್ಲ. ಒಂದು ರಾತ್ರಿಯಲ್ಲಿ ಯಾರಿಗೆ ಏನು ತಿಳಿಯುತ್ತದೆ? ತಪ್ಪಾದದ್ದು ಬಂದ ಮೇಲೆ.' ಬಂದ ಮೇಲೆ ಉಳಿದವರು ಹೋದವರಿಗೆ, 'ನೀವು ಪುಣ್ಯವಂತರು, ಹೊಟ್ಟೆ ತುಂಬ ಉಂಡಿರಿ' ಎಂದರು. ಹಸಿದವರ ಮುಂದೆ ಮಕ್ಕಳು ತಮ್ಮ ಸಂಕಟ ಹೇಳುವ ಹಾಗಿರಲಿಲ್ಲ. ಸಾಕಿದವರನ್ನು ನೆನೆದು ಮಕ್ಕಳು ಅತ್ತಾಗ ತಂದೆತಾಯಿ ತಮ್ಮ ಹಸಿವೆಯನ್ನು ಹೇಳುವ ಹಾಗಿರಲಿಲ್ಲ. ತಾಯಿ 1979ರಲ್ಲಿ ಸಾಯುವವರೆಗೆ ಮೂವತ್ತನಾಲ್ಕು ವರ್ಷ ತಾಯಿ, ಮಗಳು ಒಂದೇ ದ್ವೀಪದಲ್ಲಿ, ಎರಡು ಬೀದಿ ಆಚೀಚೆ ಬದುಕಿದರು. ಪ್ರತಿ ಭಾನುವಾರ ಒಟ್ಟಿಗೆ ಉಂಡರು. ಆ ಐದು ವರ್ಷ ಏನಾಯಿತು ಎಂದು ಇವರು ಅವರನ್ನು ಕೇಳಲಿಲ್ಲ, ಅವರು ಇವರನ್ನು ಕೇಳಲಿಲ್ಲ.

ಇದೆಲ್ಲ ಹೇಳಿದ ಮೇಲೆ ಅವರು ನನ್ನನ್ನು ಕೇಳಿದರು: 'ನಿನ್ನ ಮಗ ಎಲ್ಲಿ?'

ನನ್ನ ಮಗ ಊರಿನಲ್ಲಿ ನನ್ನ ಅಮ್ಮನ ಹತ್ತಿರ ಇದ್ದ. ನಾನು ಹೊರಟಾಗ ಅವನಿಗೆ ನಾಲ್ಕು ವರ್ಷ. ನನ್ನದು ಯುದ್ಧವಲ್ಲ, ಸಾಲ ತೀರಿಸಲು ನಾನೇ ಆರಿಸಿಕೊಂಡ ಕೆಲಸ. ಅವರ ತಾಯಿಯ ಜೊತೆ ನನ್ನನ್ನು ಹೋಲಿಸಿಕೊಳ್ಳುವುದಿಲ್ಲ. ಆದರೆ ಪ್ರತಿದಿನ ಸ್ಕೈಪ್‌ನಲ್ಲಿ ನಾನು ಕೇಳುತ್ತಿದ್ದದ್ದು, ಅವನು ಹೇಳುತ್ತಿದ್ದದ್ದು ಸೇರಿಸಿದರೆ 25 ಪದ ದಾಟುತ್ತಿರಲಿಲ್ಲ. ಊಟ ಆಯಿತಾ, ಆಯಿತು. ಶಾಲೆಗೆ ಹೋದೆಯಾ, ಹೋದೆ. 'ಎಷ್ಟು ಕಾಲವಾಯಿತು?' ಎಂದರು ಅಜ್ಜಿ. ಎರಡೂವರೆ ವರ್ಷ ಎಂದೆ. 'ಬೇಗ ಕರೆಸಿಕೋ ಮಗೂ. ಬಂದ ಮೇಲೆ ಕೇಳು' ಎಂದರು.

ಮುಂದಿನ ವರ್ಷ ಕರೆಸಿಕೊಂಡೆ. ಮೊದಲ ತಿಂಗಳು ಅವನು ನನ್ನ ಜೊತೆ ಮಲಗಲಿಲ್ಲ. ನಾನು ತುಳುವಿನಲ್ಲೇ ಮಾತಾಡಿಸಿದೆ, ಅವನು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಬಿಡಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ರಾತ್ರಿ ಅವನೇ ಹೇಳಿದ: ಕರೆ ಬರುವ ಮೊದಲು ನನ್ನ ಅಮ್ಮ ಅವನ ಮುಖ ತೊಳೆಸಿ, ಅಳಬೇಡ, ಅಮ್ಮನಿಗೆ ಅಲ್ಲಿ ಬೇಜಾರಾಗುತ್ತದೆ ಎಂದು ಹೇಳಿ ಕೂರಿಸುತ್ತಿದ್ದರು. ಸ್ಟಾಕ್‌ಪೋರ್ಟಿನ ಮನೆಯವರು ಹೇಳಿಕೊಟ್ಟ ಅದೇ ಮಾತು. ಅವತ್ತು ನಾನೂ ನನ್ನ ಎರಡೂವರೆ ವರ್ಷವನ್ನು, ಆ ಮೇಲಿನ ಒಂದು ವರ್ಷವನ್ನು ಅವನಿಗೆ ಹೇಳಿದೆ. ಅಜ್ಜಿ ಆಗ ಇರಲಿಲ್ಲ. 2018ರಲ್ಲಿ ತೀರಿಕೊಂಡಿದ್ದರು.

ಈಗ ಗರ್ನ್ಸಿಯಲ್ಲಿ ಟೊಮೆಟೊ ಬೆಳೆಯಿಲ್ಲ ಎಂದರೂ ನಡೆದೀತು. ಅಜ್ಜಿಯ ತಂದೆಯ ಗಾಜಿನ ಮನೆಗಳ ಚೌಕಟ್ಟು ಮುಳ್ಳುಪೊದೆಯೊಳಗೆ ತುಕ್ಕು ಹಿಡಿದು ನಿಂತಿದೆ. ಜರ್ಮನ್ನರ ಕಾಂಕ್ರೀಟ್ ಬಂಕರುಗಳು ಮಾತ್ರ ಗಟ್ಟಿಮುಟ್ಟಾಗಿವೆ. ಪ್ರವಾಸಿಗರು ಟಿಕೆಟ್ ತೆಗೆದುಕೊಂಡು ನೋಡುತ್ತಾರೆ. ಬಂದರಿನಲ್ಲಿ ಬಾಂಬಿಗೆ ಸತ್ತವರ ಹೆಸರಿನ ಫಲಕವಿದೆ.

ನಮ್ಮ ಕರಾವಳಿಗೂ ಇಂಥದ್ದು ಹೊಸದಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತನ್ನು ಹಿಡಿದಾಗ ನನ್ನ ಚಿಕ್ಕಪ್ಪ ಅಲ್ಲಿದ್ದರು. ಜೋರ್ಡಾನಿನ ಗಡಿ ದಾಟಿ, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿ ಬಂದ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಅವರೂ ಒಬ್ಬರು. ನನಗಾಗ ಹತ್ತು ವರ್ಷ. ಒಂದೇ ಚೀಲ ಹಿಡಿದು ಜಗಲಿ ಹತ್ತಿದವರನ್ನು ಮನೆಯವರು ದುಡ್ಡು ಏನಾಯಿತು, ಸಾಮಾನು ಏನಾಯಿತು ಎಂದು ಕೇಳಿದರು. ಮರುಭೂಮಿಯಲ್ಲಿ ಎಲ್ಲಿ ಮಲಗಿದಿರಿ, ಏನು ಕುಡಿದಿರಿ ಎಂದು ಯಾರೂ ಕೇಳಲಿಲ್ಲ. ಆ ತಿಂಗಳಲ್ಲಿ ಪೋಸ್ಟ್‌ಮ್ಯಾನ್‌ನ ದಾರಿ ಕಾಯುತ್ತ ಚಿಕ್ಕಮ್ಮ ಹೇಗಿದ್ದರು ಎಂದು ಚಿಕ್ಕಪ್ಪನೂ ಕೇಳಿದ್ದು ನನಗೆ ನೆನಪಿಲ್ಲ. ಚಿಕ್ಕಪ್ಪ ಈಗ ಇಲ್ಲ. ಚಿಕ್ಕಮ್ಮ ಇದ್ದಾರೆ. ಕಳೆದ ರಜೆಯಲ್ಲಿ ಹೋಗಿ ಎರಡು ಮಧ್ಯಾಹ್ನ ಕೂತು ಕೇಳಿ ಬರೆದುಕೊಂಡೆ.

ನಿಮ್ಮ ಮನೆಯಲ್ಲಿಯೂ ಹೀಗೆ ಎಲ್ಲಿಂದಲೋ ಎದ್ದು ಬಂದವರು ಇರಬಹುದು, ಅವರಿಗಾಗಿ ಕಾದವರು ಇರಬಹುದು. ಇಬ್ಬರನ್ನೂ ಕೇಳಿ, ಬೇರೆ ಬೇರೆಯಾಗಿ ಕೇಳಿ. ಚೆನ್ನಾಗಿದ್ದೆ ಎಂದರೆ ಅಲ್ಲಿಗೆ ಬಿಡಬೇಡಿ. ಎಲ್ಲಿ ಮಲಗಿದಿರಿ, ಏನು ಉಂಡಿರಿ, ರಾತ್ರಿ ಜ್ವರ ಬಂದಾಗ ಯಾರನ್ನು ಎಬ್ಬಿಸಿದಿರಿ ಎಂದು ಕೇಳಿ. ಅವರು ಆಡುವ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.